ಕಳಚಿಟ್ಟ ಕಿಟಕಿ ಯಾರದು?

2025ರ ಏಪ್ರಿಲ್ 27, ಭಾನುವಾರ. ವಾಸ್ಕೋದಿಂದ ಬೆಳಿಗ್ಗೆಯ ಬಸ್ಸು ಹಿಡಿದು, ಮಡಗಾಂವಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ನಾವಿಬ್ಬರೂ ಮನೆ ಕೆಲಸ ನೋಡಲು ಹೋಗಿದ್ದೆವು. ಮಾಡಿನ ಹಂಚು ಅಷ್ಟೂ ಇಳಿದಿತ್ತು. ಒಳಗೆಲ್ಲ ಬಿಸಿಲು. ಅದು ಗೊತ್ತಿದ್ದದ್ದೇ. ಆದರೆ ಚಾವಡಿಗೆ ಕಾಲಿಟ್ಟಾಗ ಎದುರು ಗೋಡೆಯಲ್ಲಿ ನಾಲ್ಕು ಖಾಲಿ ಕಂಡಿಗಳು ಕಂಡವು. ದಾರಂದ ಇತ್ತು, ಕಬ್ಬಿಣದ ಸರಳು ಇತ್ತು, ಚಿಪ್ಪಿನ ಪಡಿಗಳು ಇರಲಿಲ್ಲ.

ಧೂಳಾಗುತ್ತದೆಂದು ಎಲ್ಲಾದರೂ ಎತ್ತಿಟ್ಟಿರಬೇಕು ಅಂದುಕೊಂಡೆ. ಅಡಿಗೆಮನೆ ನೋಡಿದೆ. ಹಿತ್ತಿಲ ಕೊಟ್ಟಿಗೆ ನೋಡಿದೆ. ಸಿಮೆಂಟು ಚೀಲದ ಹಿಂದೆ, ಟಾರ್ಪಾಲಿನ ಕೆಳಗೆ ನೋಡಿದೆ. ಆಮೇಲೆ ಮೇಸ್ತ್ರಿಯನ್ನು ಕರೆದು ಕೇಳಿದೆ: "ಕಿಟಕಿ ಎಲ್ಲಿಟ್ಟಿದ್ದೀರಿ?"

ಅವನು ಬಾದಾಮಿ ಕಡೆಯವನು. ಗೋವಾದಲ್ಲಿ ಗಾರೆ ಕೆಲಸಕ್ಕೆ, ಕಲ್ಲು ಕಟ್ಟುವುದಕ್ಕೆ, ಬಂದರಿನ ಕೂಲಿಗೆ ಬಂದವರಲ್ಲಿ ಬಾಗಲಕೋಟೆ, ಗದಗ, ವಿಜಯಪುರದವರು ಬಹಳ. ನಾನು ಇಪ್ಪತ್ತೇಳು ವರ್ಷ ವಾಸ್ಕೋದ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದು ಅವರ ಮಕ್ಕಳಿಗೇ. ಹಾಗಾಗಿ ನಮ್ಮಿಬ್ಬರ ಮಾತಿಗೆ ಏನೂ ಅಡ್ಡಿ ಇರಲಿಲ್ಲ. ಅವನು ಕೈಯ ಗಾರೆ ಒರೆಸಿಕೊಂಡು ನೇರವಾಗಿ ಹೇಳಿದ.

"ಅವನ್ನ ಮಂಗಳವಾರ ಟೆಂಪೋದಾಗ ಕಳಿಸಿದ್ವಿರೀ ಟೀಚರ್ರ. ಸಾವ್ಕಾರ ಹೇಳಿದ್ರು, ತುಂಬಿದ್ವಿ. ಹಳೇ ಮಾಲು ಕಂತ್ರಾಟದಾರರದ ಅಲ್ರೀ? ಎಲ್ಲಾ ಕಡೆ ಹಂಗ ನಡೀತೈತಿ."

ನನಗೆ ಕಾಲಿನ ಕೆಳಗಿನ ನೆಲ ಕುಸಿದಂತಾಯಿತು. ಯಾಕೆಂದರೆ ಆ ಕಿಟಕಿಗಳ ವಿಷಯದಲ್ಲಿ ನಾನು ಒಬ್ಬರಿಗೆ ಮಾತು ಕೊಟ್ಟಿದ್ದೆ.

ನಮ್ಮವರು ಮುರಗಾಂವ್ ಬಂದರಿನಲ್ಲಿ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಇಬ್ಬರದೂ ಹುಟ್ಟೂರು ಕುಮಟಾ ಕಡೆ. ನಿವೃತ್ತಿಯ ಹಣದಲ್ಲಿ ಸಾಲ್ಸೆಟ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಣ್ಣದೊಂದು ಹಳೇ ಮನೆ ಕೊಂಡೆವು. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಎರಡೂ ಕಡೆ ಸಿಮೆಂಟಿನ ಕಟ್ಟೆ ಇರುವ ಜಗಲಿ, ಗೋವಾದಲ್ಲಿ ಅದಕ್ಕೆ ಬಾಲ್ಕಾಂವ್ ಅನ್ನುತ್ತಾರೆ. ಮಾರಿದವರು ಎಂಬತ್ತು ದಾಟಿದ ಒಬ್ಬ ವೃದ್ಧೆ, ಆಂಟಿ ಅಂತಲೇ ಕರೆಯುತ್ತೇವೆ. ಮಗಳ ಜೊತೆ ಮಡಗಾಂವಿನಲ್ಲಿದ್ದಾರೆ. ಬೀಗದ ಕೈ ಕೊಡುವ ದಿನ ಅವರು ನನ್ನ ಕೈ ಹಿಡಿದುಕೊಂಡೇ ಚಾವಡಿಯ ಕಿಟಕಿಗಳ ಹತ್ತಿರ ಕರೆದುಕೊಂಡು ಹೋದರು. ಕೊಂಕಣಿಯಲ್ಲಿ ಇಷ್ಟೇ ಹೇಳಿದರು: "ಬಾಯ್, ಉಳಿದದ್ದು ಏನು ಬೇಕಾದರೂ ಬದಲಿಸು. ಇವನ್ನು ಮಾತ್ರ ಇಟ್ಟುಕೋ."

ಗೋವಾದ ಹಳೇ ಮನೆಗಳನ್ನು ಕಂಡವರಿಗೆ ಈ ಕಿಟಕಿ ಗೊತ್ತಿರುತ್ತದೆ. ಗಾಜು ಸುಲಭಕ್ಕೆ ಸಿಗದ ಕಾಲದಲ್ಲಿ ಕಿಟಕಿಗೆ ಸಮುದ್ರದ ಚಿಪ್ಪು ಕೂರಿಸುತ್ತಿದ್ದರು. ಅಂಗೈ ಅಗಲದ, ಹಪ್ಪಳದಂತೆ ತೆಳುವಾದ, ಪೂರಾ ಚಪ್ಪಟೆ ಇರುವ ಚಿಪ್ಪು ಅದು. ಪ್ಲಕೂನಾ ಪ್ಲಸೆಂಟಾ ಎಂದು ಅದರ ಶಾಸ್ತ್ರೀಯ ಹೆಸರು. ಅಂಚು ಕತ್ತರಿಸಿ ಚೌಕ ಮಾಡಿ, ಸಪೂರ ಮರದ ಪಟ್ಟಿಗಳ ಕಚ್ಚಿನೊಳಗೆ ಒಂದೊಂದಾಗಿ ಜಾರಿಸುತ್ತಾರೆ. ಕಿಟಕಿ ಹಾಕಿಕೊಂಡರೂ ಕೋಣೆ ಕತ್ತಲಾಗುವುದಿಲ್ಲ. ಮಧ್ಯಾಹ್ನದ ಉರಿಬಿಸಿಲು ಅದರ ಮೂಲಕ ಬಂದು ಹಾಲಿಗೆ ಚೂರು ಅರಿಶಿನ ಬೆರೆಸಿದ ಹಾಗೆ ನೆಲದ ಮೇಲೆ ಬೀಳುತ್ತದೆ. ಈ ಚಿಪ್ಪುಜೀವಿ ನಮ್ಮ ವಾಸ್ಕೋದ ಪಕ್ಕದಲ್ಲೇ, ಜುವಾರಿ ನದಿಯ ಅಳಿವೆಯ ಚಿಖಲಿ ಕೊಲ್ಲಿಯಲ್ಲಿ ಇವತ್ತಿಗೂ ಇದೆ. ಈಗ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವಂತಿಲ್ಲ. ಆಗಬೇಕಾದದ್ದೇ ಅದು. ಅಂದರೆ ಹಳೇ ಪಡಿಗಳಲ್ಲಿ ಉಳಿದ ಚಿಪ್ಪುಗಳೇ ಕಡೆಯ ಚಿಪ್ಪುಗಳು. ಒಂದು ಹೋದರೆ ಹೊಸದನ್ನು ತಂದು ಕೂರಿಸುತ್ತೇನೆ ಅನ್ನುವ ಮಾತಿಲ್ಲ.

ಆಂಟಿ ಎಡಗಡೆಯ ಮೊದಲ ಕಿಟಕಿಯಲ್ಲಿ ಒಂದು ಚೌಕ ತೋರಿಸಿದ್ದರು. ಅದರೊಳಗೆ ಚಿಪ್ಪಿಲ್ಲ. ಯಾವಾಗಲೋ ಒಡೆದುಹೋಗಿ, ಅವರ ಗಂಡ ಎಕ್ಸ್-ರೇ ಫಿಲ್ಮನ್ನು ಕತ್ತರಿಸಿ ಅಲ್ಲಿ ಸಿಕ್ಕಿಸಿದ್ದರಂತೆ. ಬೆಳಕಿಗೆ ಎದುರು ನಿಂತು ನೋಡಿದರೆ ಎರಡು ಬೆರಳಿನ ಎಲುಬು ಬಿಳಿಯಾಗಿ ಕಾಣುತ್ತದೆ. ಅವರದೇ ಕೈ, ದೋಣಿಯ ಹಗ್ಗಕ್ಕೆ ಸಿಕ್ಕಿ ಮುರಿದಾಗ ತೆಗೆಸಿದ್ದು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಈ ಬೆರಳು ಇಲ್ಲೇ ಇದೆ ಎಂದು ಆಂಟಿ ಅದನ್ನು ಮುಟ್ಟಿದ್ದರು.

ಇದೆಲ್ಲ ಮಂಗಳವಾರ ಟೆಂಪೋ ಹತ್ತಿ ಹೋಗಿತ್ತು.

ಕಂತ್ರಾಟುದಾರನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನ ದನಿಯಲ್ಲಿ ಗಾಬರಿ ಏನೂ ಇರಲಿಲ್ಲ, ಅದೇ ನನಗೆ ಹೆಚ್ಚು ನೋವು ಮಾಡಿತು. "ಅದು ಡೆಬ್ರಿಸ್ ಅಲ್ಲವಾ ಟೀಚರ್? ನಿಮಗೆ ಹೊಸ ಕಿಟಕಿ ಹಾಕಿಕೊಡುತ್ತೇನಲ್ಲ, ಸ್ಲೈಡಿಂಗು, ಗಾಜಿನದು. ಹಳೇದರಲ್ಲಿ ಗೆದ್ದಲು ಹಿಡಿದಿತ್ತು." ಗೆದ್ದಲು ಹಿಡಿದ ಮಾಲನ್ನು ಟೆಂಪೋ ಬಾಡಿಗೆ ಕೊಟ್ಟು ಯಾರು ಸಾಗಿಸುತ್ತಾರೆ? ಕೇಳಿದ್ದಕ್ಕೆ, ಎಲ್ಲ ಕಡೆ ಹೀಗೇ ಪದ್ಧತಿ, ಹಳೇ ಸಾಮಾನು ಸಿಗುತ್ತದೆಂದೇ ಕೊಟೇಶನ್ ಕಡಿಮೆ ಹಾಕಿದ್ದೆ ಎಂದ. ಈ ಮಾತನ್ನು ಅವನು ಕೊಟೇಶನ್ ಕೊಡುವಾಗ ಹೇಳಿರಲಿಲ್ಲ.

ಇವರು ಮೊದಲು "ಬಿಟ್ಟಾಕು ಮಾರಾಯ್ತಿ, ಮಳೆಗಾಲ ಹತ್ತಿರ ಬಂತು, ಮಾಡು ತೆರೆದಿದೆ, ಅವನ ಹತ್ತಿರ ಜಗಳ ಬೇಡ" ಅಂದರು. ಅವರ ಮಾತಿನಲ್ಲೂ ಹುರುಳಿತ್ತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ತಾವಾಗಿಯೇ ಬಾಯಿ ಬಿಟ್ಟರು: "ಬಂದರಿನಲ್ಲಿ ಒಂದು ಹಳೇ ಗೇಟು ಕಳಚಿದರೂ ಸ್ಟೋರಿಗೆ ಜಮಾ ಆಗಬೇಕಿತ್ತು. ಉಪಯೋಗಕ್ಕೆ ಬರುವಂಥದ್ದು ಬೇರೆ, ಬಾರದ್ದು ಬೇರೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಆಮೇಲೆ ಹರಾಜು. ಕಂತ್ರಾಟುದಾರ ಒಂದು ಬೋಲ್ಟು ಒಯ್ದರೂ ನಾನು ಬಿಡುತ್ತಿರಲಿಲ್ಲ. ನನ್ನ ಮನೆಯದ್ದನ್ನು ಹೇಗೆ ಬಿಡಲಿ?" ಸರ್ಕಾರಿ ಕೆಲಸಗಳಲ್ಲಿ ಕಳಚಿದ ಸಾಮಾನು ಸರ್ಕಾರದ್ದೇ, ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಕಂತ್ರಾಟುದಾರನದು. ದೊಡ್ಡ ಕಟ್ಟಡ ಪೂರಾ ಕೆಡವುವಲ್ಲಿ ಇನ್ನೊಂದು ಪದ್ಧತಿ ಇದೆ. ಕೆಡವುವವನೇ ಮಾಲೀಕನಿಗೆ ದುಡ್ಡು ಕೊಟ್ಟು ಮರ, ಕಬ್ಬಿಣ, ಬಾಗಿಲನ್ನೆಲ್ಲ ಕೊಳ್ಳುತ್ತಾನೆ. ಅಲ್ಲೂ ಬೆಲೆ ಮೊದಲೇ ಮಾತಾಗಿರುತ್ತದೆ, ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಮಾತಿಲ್ಲದೆ ಒಯ್ಯುವುದು ಯಾವ ಪದ್ಧತಿಯೂ ಅಲ್ಲ.

ಆ ರಾತ್ರಿ ಕರಾರು ಪತ್ರ ತೆಗೆದು ಓದಿದೆ. ಎರಡು ಹಾಳೆ. ಒಟ್ಟು 6,80,000 ರೂಪಾಯಿ, ಅದರಲ್ಲಿ 3,50,000 ಕೊಟ್ಟಾಗಿತ್ತು. ಹಳೇ ಸಾಮಾನಿನ ಬಗ್ಗೆ ಇದ್ದದ್ದು ಒಂದೇ ಸಾಲು: "ಹಳೆಯ ಛಾವಣಿ ಕಳಚುವುದು ಹಾಗೂ ಡೆಬ್ರಿಸ್ ಸಾಗಿಸುವುದು." ಸಹಿ ಹಾಕುವಾಗ ಡೆಬ್ರಿಸ್ ಅಂದರೆ ಒಡೆದ ಹಂಚು, ಗಾರೆ, ಮಣ್ಣು ಎಂದೇ ನನ್ನ ಮನಸ್ಸಿನಲ್ಲಿತ್ತು. ಕಿಟಕಿಯ ದಾರಂದ ದುರಸ್ತಿ ಎಂದು ಬಾಯಿಮಾತಿನಲ್ಲಿ ಹೇಳಿದ್ದೆ, ಬರೆಸಿರಲಿಲ್ಲ. ಅದನ್ನು ನೆನೆದು ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಲೆಕ್ಕಕ್ಕೆ ಕೂತೆ. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಸುಮಾರು 15ರಿಂದ 16 ಬೇಕಾಗುತ್ತದೆ. ನಮ್ಮ ಮಾಡಿನ ಎರಡೂ ಇಳಿಜಾರು ಸೇರಿ ಹತ್ತಿರಹತ್ತಿರ 130 ಚದರ ಮೀಟರು. ಅಂದರೆ ಇಳಿಸಿದ ಹಂಚು ಎರಡು ಸಾವಿರದ ಆಸುಪಾಸು ಇರಬೇಕು. ಅಂಗಳದಲ್ಲಿ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ್ದ ಸಾಲುಗಳನ್ನು ಮರುದಿನ ಹೋಗಿ ಎಣಿಸಿದೆವು. 1,340. ಒಡೆದವುಗಳ ರಾಶಿಯಲ್ಲಿ ಎಷ್ಟು ಧಾರಾಳವಾಗಿ ಹಿಡಿದರೂ 180ರ ಮೇಲೆ ಇರಲಿಲ್ಲ. ಉಳಿದ 480 ಎಲ್ಲಿ? ಹಂಚನ್ನು ಹೊರುವ ಇಳಿಜಾರು ಮರಗಳಾದ ಪಕಾಸುಗಳಲ್ಲೂ ಏಳು ಕಡಿಮೆ. ಹಲಸಿನ ಮರದವು, ಎಂಟಡಿ ಉದ್ದದವು.

ಹಂಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕರಾವಳಿಯವರಿಗೆ ಅದು ಬರೀ ಮಣ್ಣಿನ ತುಂಡಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಜೇಡಿಯಿಂದ ಹಂಚು ಮಾಡಲು ಶುರುಮಾಡಿದರು. ಮೂರು ವರ್ಷದಲ್ಲಿ, 1868ಕ್ಕೆ, ಅಲ್ಬುಕರ್ಕ್ ಮನೆತನದ ಕಾರ್ಖಾನೆ ಬಂತು. ಅಲ್ಲಿಂದ ಹಡಗು, ಮಚವೆ ಹತ್ತಿ ಗೋವಾ, ಮುಂಬಯಿಯವರೆಗೆ ಹೋದ ಹಂಚುಗಳು ಇವು. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಮ್ಮ ಮನೆಯ ಹಂಚಿನ ಬೆನ್ನ ಮೇಲೆ ಇರುವುದು ಬಾಸೆಲ್ ಮಿಷನ್ನಿನ ಹೆಸರೇ. ಹಾಗಾದರೆ ಅವಕ್ಕೆ ನೂರು ವರ್ಷ ಆಗಿದೆ. ಬೆರಳಗಂಟಿನಿಂದ ತಟ್ಟಿದರೆ ಇನ್ನೂ ಟಣ್ ಎನ್ನುತ್ತವೆ. ಬಿರುಕು ಇದ್ದದ್ದು ಬೊದ್ದು ಸದ್ದು ಮಾಡುತ್ತದೆ, ಅದನ್ನು ಬೇರೆ ಇಡಬೇಕು. ಚಿಕ್ಕವಳಿದ್ದಾಗ ಪ್ರತಿ ಬೇಸಿಗೆ ಮಾಡು ಕೈಯಾಡಿಸುವಾಗ ಅಪ್ಪ ನನ್ನ ಕೈಯಲ್ಲಿ ಈ ತಟ್ಟುವ ಕೆಲಸ ಮಾಡಿಸುತ್ತಿದ್ದರು.

ನನ್ನ ಹಳೇ ಸಹೋದ್ಯೋಗಿಯೊಬ್ಬರ ಮಗ ಮಡಗಾಂವಿನಲ್ಲಿ ವಕೀಲ. ಅವನ ಕಚೇರಿಯಲ್ಲಿ ಒಂದು ಗಂಟೆ ಕೂತಿದ್ದು ಬಹಳ ಉಪಕಾರವಾಯಿತು. ಅವನು ಮೊದಲು ಹೇಳಿದ ವಿಷಯ ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ಭೂಮಿಗೆ ಅಂಟಿಕೊಂಡಿರುವ ವಸ್ತುವನ್ನು ಕಳವು ಮಾಡಿದರು ಅನ್ನಲು ಬರುವುದಿಲ್ಲ, ಆದರೆ ಅದನ್ನು ಬೇರ್ಪಡಿಸಿದ ಕ್ಷಣದಿಂದ ಅದು ಕಳವಾಗಬಲ್ಲ ವಸ್ತು ಎಂದು ಕಾನೂನೇ ಹೇಳುತ್ತದೆ. ಮೊದಲು ದಂಡ ಸಂಹಿತೆಯ 378ನೇ ಕಲಮಿನಲ್ಲಿದ್ದ ಈ ವಿವರಣೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 303ರಲ್ಲಿದೆ. ಕಿಟಕಿಯ ಪಡಿಯನ್ನು ದಾರಂದದಿಂದ ಬಿಡಿಸಿ ನೆಲಕ್ಕಿಟ್ಟರೆ ಅದು ಕಸವಾಗುವುದಿಲ್ಲ, ನನ್ನ ಸಾಮಾನೇ ಆಗಿರುತ್ತದೆ. ನಂಬಿ ಬೀಗದ ಕೈ ಕೊಟ್ಟವರ ವಸ್ತುವನ್ನು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಂಡರೆ 316, ನಂಬಿಕೆ ದ್ರೋಹ. ಅಂಥ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ 317. ಕಳವಿನ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ದಾರಿ ಬೇರೆಯಾಗುತ್ತದೆ, ಆದ್ದರಿಂದ ಪ್ರತಿಯೊಂದಕ್ಕೂ ಅಂದಾಜು ಬೆಲೆ ಬರೆಯಿರಿ ಎಂದ. ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆ, ಎರಡು ವರ್ಷದೊಳಗೆ ಹೋಗಬಹುದು. "ಆದರೆ ಟೀಚರ್, ನಿಮಗೆ ಬೇಕಾಗಿರುವುದು ತೀರ್ಪೋ ಕಿಟಕಿಯೋ? ಕಿಟಕಿ ಬೇಕಾದರೆ ಇವತ್ತೇ ಹುಡುಕಿ. ವಾರ ಕಳೆದರೆ ಯಾವ ಹೋಟೆಲಿನ ಗೋಡೆಯಲ್ಲಿರುತ್ತದೋ."

ಆಗ ಜಾರಿಯಲ್ಲಿದ್ದ ಕಟ್ಟಡ ತ್ಯಾಜ್ಯದ 2016ರ ನಿಯಮವನ್ನೂ ಅವನೇ ನೆನಪಿಸಿದ. ಒಡೆದ ಗಾರೆ, ಮಣ್ಣನ್ನು ಕಂಡಲ್ಲಿ ಸುರಿದರೆ ಮೊದಲ ಹೊಣೆ ಅದನ್ನು ಉಂಟುಮಾಡಿದವರದು, ಅಂದರೆ ಮನೆಯವರದು. ಕಸಕ್ಕೆ ನಾನು ಜವಾಬ್ದಾರಳು, ಬೆಲೆ ಬಾಳುವ ಮಾಲು ಮಾತ್ರ ಅವನದು ಅನ್ನುವುದಾದರೆ ಇದು ಯಾವ ನ್ಯಾಯ?

ಮೇಸ್ತ್ರಿಗೆ ಫೋನು ಮಾಡಿದೆ. ಟೆಂಪೋ ಎಲ್ಲಿಗೆ ಹೋಯಿತು ಎಂದು ಹೇಳಲು ಅವನಿಗೆ ಹೆದರಿಕೆ. ಕೂಲಿ ಕೊಡುವವನ ಹೆಸರು ಹೇಳಬೇಕಲ್ಲ. ನಾನು ಒತ್ತಾಯ ಮಾಡಲಿಲ್ಲ. ಕಿಟಕಿಯ ಎಕ್ಸ್-ರೇ ಕಥೆ ಹೇಳಿದೆ, ಆಂಟಿಗೆ ಕೊಟ್ಟ ಮಾತು ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಮ್ಮ ಹುಡುಗ ಡ್ರೈವರನ ಜೋಡಿ ಇಳಸಾಕ ಹೋಗಿದ್ದ. ಅವನ ಕೈಯಾಗ ಕೇಳಿ ಹೇಳ್ತೇನ್ರಿ. ನನ್ನ ಹೆಸರು ಬರಬಾರದ್ರಿ ಟೀಚರ್ರ" ಅಂದ. ಅರ್ಧ ಗಂಟೆಯಲ್ಲಿ ಜಾಗದ ಗುರುತು ಬಂತು. ಹೆದ್ದಾರಿ ಬದಿಯ ಹಳೇ ಸಾಮಾನಿನ ಯಾರ್ಡು, ಪೆಟ್ರೋಲ್ ಬಂಕು ದಾಟಿ ಎಡಕ್ಕೆ.

ಆ ಯಾರ್ಡಿನೊಳಗೆ ಹೋದಾಗ ಕಂಡದ್ದನ್ನು ಮರೆಯುವಂತಿಲ್ಲ. ಬಾಗಿಲುಗಳು ಪುಸ್ತಕ ಜೋಡಿಸಿದ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಕೆತ್ತನೆಯ ಕಂಬಗಳು, ಬೀಟೆಯ ಸೋಫಾದ ಕೈಗಳು, ಬೀಡಿನ ಕಟಕಟೆ, ಬಣ್ಣಬಣ್ಣದ ನೆಲದ ಹೆಂಚು ಕಟ್ಟುಕಟ್ಟು. ಒಂದು ಬಾಗಿಲ ಮೇಲೆ ಯಾರೋ ಮಕ್ಕಳ ಎತ್ತರವನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿ ಗುರುತು ಮಾಡಿದ್ದರು, ಕೆಳಗಿನಿಂದ ಮೇಲಕ್ಕೆ ಒಂಬತ್ತು ಗೆರೆ. ಇದರಲ್ಲಿ ಎಷ್ಟನ್ನು ಮನೆಯವರು ಕೈಯಾರೆ ಮಾರಿದ್ದರೋ, ಎಷ್ಟು ನಮ್ಮ ಮನೆಯ ಹಾಗೆ ಟೆಂಪೋ ಹತ್ತಿ ಬಂದಿತ್ತೋ. ವಿದೇಶದಲ್ಲಿದ್ದು ಇಲ್ಲಿ ಮನೆ ರಿಪೇರಿಗೆ ಕೊಟ್ಟವರಿಗೆ ಏನು ಹೋಗಿದೆ ಎಂದು ಗೊತ್ತಾಗುವುದಾದರೂ ಹೇಗೆ?

ಗಿರಾಕಿಯಂತೆ ಕೇಳಿದೆ. ಚಿಪ್ಪಿನ ಕಿಟಕಿ ಒಂದು ಜೋಡಿಗೆ 14,000, ಹಂಚು ಒಂದಕ್ಕೆ 20 ರೂಪಾಯಿ ಅಂದರು. ಹಿಂದಿನ ಶೆಡ್ಡಿನಲ್ಲಿ ಚಿಪ್ಪಿನ ಪಡಿಗಳು ಸುಮಾರಿದ್ದವು, ಹೆಚ್ಚಿನವು ಒಂದೇ ಥರ. ಹಸಿರು ಬಣ್ಣ ಎದ್ದುಹೋದ ಜೋಡಿಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ಎತ್ತಿ ಹಿಡಿಯುತ್ತ ಬಂದೆ. ನಾಲ್ಕನೆಯದನ್ನು ಎತ್ತಿದಾಗ ಕೆಳಗಿನಿಂದ ಎರಡನೇ ಸಾಲಿನಲ್ಲಿ ಕಪ್ಪು ಚೌಕ. ಅದರೊಳಗೆ ಎರಡು ಬಿಳಿ ಎಲುಬು. ನನ್ನ ಕೈ ನಡುಗಿತು. ಇವರು ಬಂದು ಇನ್ನೊಂದು ತುದಿ ಹಿಡಿದುಕೊಂಡರು.

ಯಾರ್ಡಿನವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮನೆ ಕೊಳ್ಳುವ ಮೊದಲು ಮಗ ತೆಗೆದ ಫೋಟೋ ಮೊಬೈಲಿನಲ್ಲಿತ್ತು, ಕಿಟಕಿ, ಆ ಕಪ್ಪು ಚೌಕ ಎರಡೂ ಅದರಲ್ಲಿ ಸ್ಪಷ್ಟ. ತೋರಿಸಿದೆ. 317ನೇ ಕಲಮಿನ ಹೆಸರನ್ನೂ ಹೇಳಿದೆ. ಅವನು ಕೂಗಾಡಲಿಲ್ಲ. ತಾನು ದುಡ್ಡು ಕೊಟ್ಟು ಕೊಂಡದ್ದು, ಕಂತ್ರಾಟುದಾರ ಅದನ್ನು ವಾಪಸು ಕೊಟ್ಟರೆ ಮಾಲು ಕೊಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ಮಾರುವುದಿಲ್ಲ ಎಂದ. ಮೂರು ಜೋಡಿ ಅಲ್ಲಿತ್ತು. ಒಂದು ಜೋಡಿ ಎರಡು ದಿನದ ಹಿಂದೆ ಹೋಗಿಬಿಟ್ಟಿತ್ತು, ಕೊಂಡವರು ನಗದು ಕೊಟ್ಟು ಒಯ್ದಿದ್ದರಂತೆ, ಹೆಸರಿಲ್ಲ. ಹಂಚೂ ಹೋಗಿತ್ತು. ಪಕಾಸುಗಳನ್ನು ಸೀಳಿ ಬೆಂಚು ಮಾಡಲು ಕೊಟ್ಟಾಗಿತ್ತು. ಇದ್ದ ಮೂರು ಜೋಡಿಗಳ ಹಿಂದೆ ಸೀಮೆಸುಣ್ಣದಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದು, ಅವನೆದುರೇ ಫೋಟೋ ತೆಗೆದುಕೊಂಡು ಬಂದೆ.

ಅದೇ ಸಂಜೆ ದೂರು ಬರೆದೆ. ಒಂದನೇ ಹಾಳೆಯಲ್ಲಿ ನಡೆದದ್ದು, ದಿನಾಂಕದ ಪ್ರಕಾರ. ಎರಡನೇ ಹಾಳೆಯಲ್ಲಿ ಪಟ್ಟಿ, ಎಣಿಕೆ, ಅಂದಾಜು ಬೆಲೆ. ಜೊತೆಗೆ ಫೋಟೋಗಳು, ಕರಾರಿನ ಪ್ರತಿ. ಠಾಣೆಯಲ್ಲಿ ಮೊದಲು, ಇದು ನಿಮ್ಮಿಬ್ಬರ ವ್ಯವಹಾರ, ಕೂತು ಮಾತಾಡಿ ಅಂದರು. ಮಾತಾಡುತ್ತೇವೆ, ಆದರೆ ದೂರು ತೆಗೆದುಕೊಂಡು ನನ್ನ ಪ್ರತಿಗೆ ಸೀಲು ಹಾಕಿಕೊಡಿ ಎಂದು ಬೆಂಚಿನ ಮೇಲೆ ಕೂತೆ. ಒಂದೂವರೆ ಗಂಟೆ ಆದ ಮೇಲೆ ಸೀಲು ಬಿತ್ತು. ಅಲ್ಲಿದ್ದ ಹವಾಲ್ದಾರರೇ ಕಂತ್ರಾಟುದಾರನಿಗೆ ಫೋನು ಮಾಡಿದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ನಮ್ಮ ಬಾಲ್ಕಾಂವಿನ ಕಟ್ಟೆಯ ಮೇಲೆ ಕೂತಿದ್ದ.

ಅಲ್ಲಿ ಅವನು ಮೊದಲು ಮಾಡಿದ್ದು ಮೇಸ್ತ್ರಿಯ ಮೇಲೆ ಹಾಕಿದ್ದು. "ಇವನೇ ತಪ್ಪು ತಿಳಿದು ತುಂಬಿದ್ದಾನೆ. ಇವನ ಪಗಾರದಲ್ಲಿ ಹಿಡಿದುಕೊಳ್ಳುತ್ತೇನೆ." ಮೇಸ್ತ್ರಿ ಕರಣೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ, ಮುಖ ಎತ್ತಲಿಲ್ಲ. ನನಗೆ ಕಿಟಕಿ ಹೋದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು. ಆ ಟೆಂಪೋದ ದುಡ್ಡಿನಲ್ಲಿ ಇವನಿಗೆ ಒಂದು ಚಹಾ ಕೂಡ ಸಿಕ್ಕಿರಲಿಲ್ಲ. "ಇವರ ಕೂಲಿಯಲ್ಲಿ ಒಂದು ರೂಪಾಯಿ ಮುರಿದರೂ ನನ್ನ ದೂರು ಹಿಂದೆ ಬರುವುದಿಲ್ಲ. ಕೂಲಿ ಕೊಟ್ಟ ಚೀಟಿ ನನಗೆ ತೋರಿಸಬೇಕು" ಎಂದೆ. ಇವರು ನನ್ನ ಪಕ್ಕದಲ್ಲೇ ಕೂತು ಬಂದರಿನ ರಿಜಿಸ್ಟರಿನಂತೆ ಗೆರೆ ಹಾಕಿದ ಹಾಳೆ ತೆಗೆದರು.

ಮಾತು ಎರಡು ಗಂಟೆ ನಡೆಯಿತು. ತೀರ್ಮಾನ ಹೀಗಾಯಿತು. ಮೂರು ಜೋಡಿ ಕಿಟಕಿ ಅವನದೇ ಖರ್ಚಿನಲ್ಲಿ ಎರಡು ದಿನದೊಳಗೆ ವಾಪಸು. ಹೋದ ಜೋಡಿಗೆ 14,000, ಪಕಾಸುಗಳಿಗೆ 16,000, ಒಟ್ಟು 30,000 ಕೊನೆಯ ಕಂತಿನಲ್ಲಿ ಕಡಿತ. 480 ಹಳೇ ಮಂಗಳೂರು ಹಂಚು ಅವನೇ ತಂದುಕೊಡಬೇಕು. ಅದರ ಕೆಳಗೆ ಒಂದು ಸಾಲು ನಾನೇ ಬರೆದೆ: "ಈ ಮನೆಯಿಂದ ಕಳಚಿದ ಯಾವುದೇ ಸಾಮಾನು, ಒಡೆದದ್ದಾಗಲಿ ಇಡಿಯಾಗಿರುವುದಾಗಲಿ, ಮನೆಯವರ ಸಹಿ ಇಲ್ಲದೆ ಗೇಟು ದಾಟಬಾರದು." ಅವನು ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ. ಕಿಟಕಿ ಬಂದ ಮೇಲೆ ಠಾಣೆಗೆ ಹೋಗಿ, ಮಾಲು ಸಿಕ್ಕಿದೆ, ಮುಂದುವರಿಸುವುದು ಬೇಡ ಎಂದು ಬರೆದುಕೊಟ್ಟೆ. ಕೇಸು ನಡೆಸಬೇಕಿತ್ತು ಎಂದು ಹೇಳಿದವರೂ ಇದ್ದಾರೆ. ಮಾಡು ತೆರೆದಿಟ್ಟುಕೊಂಡು ಮಳೆ ಎದುರಿಸುವ ಧೈರ್ಯ ನನಗಿರಲಿಲ್ಲ.

ಹಂಚಿನದೇ ಇನ್ನೊಂದು ಫಜೀತಿ. ಅವನು ತಂದದ್ದು ಹಳೇ ಹಂಚೇ, ಗಟ್ಟಿ ಹಂಚೇ, ಆದರೆ ಬೇರೆ ಕಾರ್ಖಾನೆಯದು. ನೋಡಲು ಒಂದೇ ಥರ ಕಂಡರೂ ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ. ನಡುವೆ ಒಂದು ಗೆರೆ ಸಂದು ಉಳಿಯುತ್ತದೆ, ಗಾಳಿಮಳೆಗೆ ನೀರು ಅಲ್ಲಿಂದಲೇ ಒಳಗೆ. ಬೆರೆಸಿ ಹೊದೆಸಲು ಹೊರಟಿದ್ದರು. ಮೇಸ್ತ್ರಿ ತಡೆದ. ಮುಂದಿನ ಇಳಿಜಾರಿಗೆಲ್ಲ ನಮ್ಮದೇ ಹಂಚು, ಹಿಂದೆ ಅಡಿಗೆಮನೆಯ ಕಡೆ ಹೊಸದಾಗಿ ಬಂದದ್ದೆಲ್ಲ ಒಂದೇ ಕಡೆ, ಎರಡೂ ಕೂಡುವಲ್ಲಿ ಮಾತ್ರ ತಗಡಿನ ಪಟ್ಟಿ ಎಂದು ಅವನೇ ಲೆಕ್ಕ ಹಾಕಿದ. ರೀಪಿನ ಅಂತರವನ್ನೂ ಆ ಭಾಗಕ್ಕೆ ಕಾಲಿಂಚು ಬದಲಿಸಿ ಹೊಡೆದ. ಆ ವರ್ಷ ಮಳೆ ಯಾರಿಗೂ ಕಾಯಲಿಲ್ಲ. ಮೇ ಮೂರನೇ ವಾರದಿಂದಲೇ ಸುರಿಯತೊಡಗಿ, 24ಕ್ಕೆ ಕೇರಳ ಮುಟ್ಟಿದ ಮುಂಗಾರು ಒಂದೆರಡು ದಿನದಲ್ಲೇ ಗೋವಾದ ಮೇಲಿತ್ತು. ಮಾಡಿನ ನೆತ್ತಿಯ ಕೊನೆಯ ಕೋಲುಹಂಚಿಗೆ ಗಾರೆ ಮೆತ್ತಿದ್ದು ಮೇ 18ಕ್ಕೆ. ಹಿಂದಿನ ಇಳಿಜಾರು ಸೋರಲಿಲ್ಲ.

ಉಳಿದ ಕೆಲಸ ಮುಗಿಯುವವರೆಗೆ ಒಂದು ಕೋಣೆಗೆ ನಮ್ಮದೇ ಬೀಗ ಹಾಕಿ, ಕಳಚಿದ್ದನ್ನೆಲ್ಲ ಅಲ್ಲಿಡಿಸಿದೆವು. ಹಿತ್ತಾಳೆಯ ಚಿಲಕ, ತಿರುಗಣಿ, ಹಳೇ ಸ್ವಿಚ್ಚಿನ ಮರದ ಹಲಗೆ, ಮೊಳೆಯವರೆಗೆ. ಪ್ರತಿಯೊಂದರ ಮೇಲೂ ಯಾವ ಬಾಗಿಲಿನದು ಎಂದು ಬಣ್ಣದಲ್ಲಿ ಅಂಕೆ. ಮಾಲು ಹೊರಗೆ ಹೋಗುವುದಿದ್ದರೆ ಒಂದು ನೋಟುಬುಕ್ಕು, ಅದರಲ್ಲಿ ತಾರೀಖು, ಗಾಡಿ ನಂಬರು, ಇವರ ಸಹಿ. ನಮಗೆ ಬೇಡವಾದ ಮುರಿದ ರೀಪುಗಳನ್ನು ಮೇಸ್ತ್ರಿಯ ಹುಡುಗರು ಒಲೆಗೆ ಕೇಳಿದರು, ಕೊಟ್ಟೆವು. ಅದೂ ಬುಕ್ಕಿನಲ್ಲಿದೆ.

ಜೂನ್ ಕೊನೆಗೆ ಆಂಟಿಯನ್ನು ಮಗಳು ಕಾರಿನಲ್ಲಿ ಕರೆದುಕೊಂಡು ಬಂದಳು. ಹೊರಗೆ ಜಡಿಮಳೆ. ಕಿಟಕಿ ಹಾಕು ಎಂದರು. ಹಾಕಿದೆ. ಮಳೆಗಾಲದ ಬೆಳಕು ಚಿಪ್ಪಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೂ ಕೋಣೆ ಕತ್ತಲಾಗಲಿಲ್ಲ. ಅವರು ಬೆರಳಿನ ಚೌಕದ ಹತ್ತಿರ ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ಕೂತರು. ನಾಲ್ಕನೇ ಕಂಡಿಗೆ ಹೊಡೆದ ಪ್ಲೈವುಡ್ ನೋಡಿದರು. ನಾನು ಮುಚ್ಚಿಡದೆ ಎಲ್ಲ ಹೇಳಿದೆ. "ಹೇಳಿದೆಯಲ್ಲ, ಅದು ಒಳ್ಳೆಯದಾಯಿತು" ಎಂದು ನನ್ನ ಮಣಿಕಟ್ಟು ಒತ್ತಿದರು.

ಮೊನ್ನೆ ಮೇಸ್ತ್ರಿಯ ಫೋನು ಬಂತು. ಈಗ ಬೇರೆ ಊರಲ್ಲಿ, ಬೇರೆ ಕಂತ್ರಾಟುದಾರನ ಕೈಕೆಳಗೆ ಇನ್ನೊಂದು ಹಳೇ ಮನೆ ಕಳಚುತ್ತಿದ್ದಾನೆ. "ಟೀಚರ್ರ, ಇಲ್ಲೊಂದು ಜೋಡಿ ಚಿಪ್ಪಿನ ಕಿಟಕಿ ಐತ್ರಿ. ಮನಿ ಮಾಲಕರಿಗೆ ಕೇಳೇನ್ರಿ, ಅವರಿಗೆ ಬ್ಯಾಡಂತ. ನಿಮಗ ಬೇಕೇನ್ರಿ?" ಅಳತೆ ಕೇಳಿದೆ. ನಮ್ಮ ಕಂಡಿಗಿಂತ ಎರಡು ಇಂಚು ಎತ್ತರ ಹೆಚ್ಚು. ಕೆಳಗಿನ ಪಟ್ಟಿ ತಗ್ಗಿಸಿದರೆ ಚಿಪ್ಪಿಗೆ ಏನೂ ಆಗದೆ ಕೂರುತ್ತದೆ ಎಂದು ಬಡಗಿ ಹೇಳಿದ್ದಾನೆ. ಆ ಮನೆಯವರ ನಂಬರು ತೆಗೆದುಕೊಂಡಿದ್ದೇನೆ. ಭಾನುವಾರ ಹೋಗಿ ಅವರನ್ನೇ ಕಂಡು, ಬೆಲೆ ಮಾತಾಡಿ ತರಬೇಕು.